ಬಿಳಿ ಸೆರಗು ಹೋಗುತ್ತಿದೆ. ಇಂಟಿಮೇಟ್ ವಾಶ್ ಹಾಕಿ ಒಳಗೂ ತೊಳೆಯಬೇಕಾ?

ಬೇಡ. ಯೋನಿಯ ಒಳಭಾಗ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಇದರಿಂದ ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ. ಇಷ್ಟು ಹುಳಿಯಲ್ಲಿ ಸೋಂಕು ತರುವ ಕ್ರಿಮಿಗಳು ಬೆಳೆಯೋದು ಕಷ್ಟ. ಒಳಗೆ ಸೋಪು, ವಾಶ್ ಹಾಕಿದರೆ ಈ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ವಾಸನೆ ಹೋಗಲಿ ಅಂತ ತೊಳೆದು, ವಾಸನೆ ಬರುವ ಸೋಂಕನ್ನೇ ತಂದುಕೊಂಡ ಹಾಗಾಗುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ಜಾಹೀರಾತು ಏನೇ ಹೇಳಲಿ, ಸುಗಂಧದ ವಾಶ್ ಸುಮ್ನೆ ಖರ್ಚು.

ಸ್ವಲ್ಪ ಬಿಳಿ ಸೆರಗು ಹೋಗೋದು ರೋಗವಲ್ಲ. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ, ಅದು ಜಾಸ್ತಿಯಾಗಿ ಮೊಟ್ಟೆಯ ಬಿಳಿಯಂತೆ ಲೋಳೆಯಾಗುತ್ತದೆ. ಬೆರಳಲ್ಲಿ ಎಳೆದರೆ ನೂಲಿನ ಹಾಗೆ ಬರುತ್ತದೆ. ಒಳಉಡುಪಿನಲ್ಲಿ ಒಣಗಿದಾಗ ತಿಳಿ ಹಳದಿ ಕಲೆ ಕಂಡರೂ ಗಾಬರಿ ಬೇಡ.

ಆದರೆ ತುರಿಕೆಯ ಜೊತೆ ಒಡೆದ ಹಾಲಿನಂತೆ ಗಟ್ಟಿಯಾಗಿ ಹೋದರೆ ಫಂಗಸ್ ಇರಬಹುದು. ತೆಳುವಾಗಿ ಬೂದು ಬಣ್ಣದಲ್ಲಿ ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾ ಸಮಸ್ಯೆ ಇರಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ, ಹಾಗಾಗಿ ಗೆಳತಿಗೆ ಕೊಟ್ಟ ಕ್ರೀಮನ್ನು ನೀವು ಹಚ್ಚಬೇಡಿ. ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ ಅಥವಾ ವಯಸ್ಸಾಗಿ ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.