ಓದುಗರ ಪ್ರಶ್ನೆ: ಹಕ್ಕಿ ಕೂಗು, ಕಂಪ್ಯೂಟರ್ ಲ್ಯಾಬ್

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಲ್ಯಾಬಿನಲ್ಲಿ ಕೆಲವು ಹಳೆಯ ಕಂಪ್ಯೂಟರ್‌ಗಳಿವೆ. ಮೊಬೈಲಿನಲ್ಲಿ ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಿ, ಅದರ ಮೇಲೆ ಪ್ರಾಜೆಕ್ಟ್ ಮಾಡಿಸಬಹುದೆ?
– ಉಪನ್ಯಾಸಕಿ, ಶಿರಸಿ

ಉತ್ತರ: ಧಾರಾಳವಾಗಿ ಮಾಡಿಸಬಹುದು. ಧ್ವನಿಯನ್ನು ತೆರೆದು ನೋಡಿ ಅಳೆಯುವ ಅಡಾಸಿಟಿ ತಂತ್ರಾಂಶ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಮೊದಲ ಪ್ರಾಜೆಕ್ಟಿಗೆ ಕಂಚುಗಾರ ಹಕ್ಕಿಯೇ ಇರಲಿ. ಒಂದೇ ಸ್ವರ, 'ಟುಕ್ ಟುಕ್' ಎಂದು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಮಡಿವಾಳ ಹಕ್ಕಿಯ ಹಾಡು ಬಲು ಚೆಂದ, ಆದರೆ ಅದರ ಸ್ವರಗಳನ್ನು ವಿಂಗಡಿಸುವುದು ಹೊಸಬರಿಗೆ ಕಷ್ಟ.

ರೆಕಾರ್ಡಿಂಗ್ ವೇವ್ ಫೈಲ್ (ಧ್ವನಿಯನ್ನು ಕುಗ್ಗಿಸದೆ ಇಡುವ ಬಗೆ) ಆಗಿರಲಿ: ಮೋನೋ (ಒಂದೇ ಚಾನೆಲ್), 44.1 ಕಿಲೋಹರ್ಟ್ಸ್, 16 ಬಿಟ್. ನಿಮಿಷಕ್ಕೆ ಸುಮಾರು 5 ಎಂಬಿ ಆಗುತ್ತದೆ. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ತರಿಸಿಕೊಳ್ಳಬೇಡಿ. ಅದು ಧ್ವನಿಯನ್ನು ಕುಗ್ಗಿಸುವಾಗ ಮೇಲಿನ ಆವರ್ತನಗಳನ್ನು ಕತ್ತರಿಸಿಬಿಡುತ್ತದೆ. ಕೇಬಲ್ ಹಾಕಿ ಕಾಪಿ ಮಾಡಿಕೊಳ್ಳಿ. ಇನ್ನೊಂದು ಮಾತು, ಮೊಬೈಲ್ ತಾನಾಗಿಯೇ ಧ್ವನಿಯನ್ನು ಏರಿಸಿ ಇಳಿಸುತ್ತಿರುತ್ತದೆ. ಹಾಗಾಗಿ 'ಯಾವ ಹಕ್ಕಿ ಜೋರಾಗಿ ಕೂಗುತ್ತದೆ' ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲೇಬೇಡಿ. ಸ್ವರಕ್ಕೂ ಸ್ವರಕ್ಕೂ ನಡುವಿನ ಕಾಲವನ್ನು ಅಳೆಯಿರಿ.

ಅಡಾಸಿಟಿಯಲ್ಲಿ ಟ್ರ್ಯಾಕ್ ಹೆಸರಿನ ಮೆನುವಿನಿಂದ ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿಗೆ ಯಾವ ಆವರ್ತನ ಎಂದು ತೋರಿಸುವ ಚಿತ್ರ) ಆರಿಸಿ, ವಿಂಡೋ ಸೈಜ್ (ಒಂದು ಸಲಕ್ಕೆ ಲೆಕ್ಕ ಹಾಕುವ ಧ್ವನಿಯ ತುಣುಕಿನ ಅಳತೆ) 512 ಇಡಿ. ಆಗ ಕಾಲದ ಸೂಕ್ಷ್ಮತೆ ಸುಮಾರು 12 ಮಿಲಿಸೆಕೆಂಡ್. 2048ಕ್ಕೆ ಏರಿಸಿದರೆ ಆವರ್ತನ ಸ್ಪಷ್ಟವಾಗುತ್ತದೆ, ಆದರೆ ಸ್ವರದ ಆರಂಭ ಮಸುಕಾಗುತ್ತದೆ. ಗಾಳಿಯ ಗದ್ದಲ ತೆಗೆಯಲು ತಗ್ಗಿನ ಆವರ್ತನಗಳನ್ನು ತೆಗೆದುಹಾಕುವ ಹೈಪಾಸ್ ಫಿಲ್ಟರನ್ನು 300 ಹರ್ಟ್ಸ್‌ಗೆ ಇಟ್ಟರೆ ಸಾಕು. ಕಂಚುಗಾರನದು ತಗ್ಗಿನ ದನಿ, ಫಿಲ್ಟರ್ ಹೆಚ್ಚು ಏರಿಸಿದರೆ ಗಾಳಿಯ ಜೊತೆ ಕೂಗೂ ಹೋಗುತ್ತದೆ.

ಪ್ರತಿ ಸ್ವರದ ಆರಂಭದಲ್ಲಿ ಕ್ಲಿಕ್ ಮಾಡಿ ಕಂಟ್ರೋಲ್-ಬಿ ಒತ್ತಿ, ಲೇಬಲ್ ಹಾಕಿ. ಎಲ್ಲ ಮುಗಿದ ಮೇಲೆ ಲೇಬಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ. ಸಾಲುಗಳು ಎರಡರಷ್ಟಾಗಿ, ಒಂದು ಬಿಟ್ಟು ಒಂದು ಓರೆಗೆರೆಯಿಂದ (\) ಶುರುವಾದರೆ ಗಾಬರಿ ಬೇಡ. ಸ್ಪೆಕ್ಟ್ರಲ್ ಸೆಲೆಕ್ಷನ್ (ಕಾಲದ ಜೊತೆ ಆವರ್ತನವನ್ನೂ ಆರಿಸುವ ಸೌಲಭ್ಯ) ಚಾಲೂ ಇದ್ದದ್ದರಿಂದ ಆವರ್ತನವೂ ಬಂದಿದೆ, ಆ ಸಾಲುಗಳನ್ನು ಅಳಿಸಿ. ಬಿ2 ಕೋಶದಲ್ಲಿ =A2-A1 ಬರೆದು ಕೆಳಗೆ ಎಳೆದರೆ ಸ್ವರಗಳ ನಡುವಿನ ಅಂತರ ಸಿಗುತ್ತದೆ. ಕೂಗು ಹದಕ್ಕೆ ಬರುವವರೆಗಿನ ಮೊದಲ ಕೆಲವು ಸ್ವರಗಳನ್ನು ಬಿಡಿ. ಸರಾಸರಿ ಬೇಡ, ಮೀಡಿಯನ್ (ಏರಿಕೆ ಕ್ರಮದಲ್ಲಿಟ್ಟಾಗ ನಡುವೆ ಬರುವ ಸಂಖ್ಯೆ) ತೆಗೆಯಿರಿ. ಹಕ್ಕಿ ಸುಮ್ಮನಾದ ಒಂದೇ ಒಂದು ದೊಡ್ಡ ಬಿಡುವು ಸರಾಸರಿಯನ್ನು ಕೆಡಿಸುತ್ತದೆ.

ಇಂಥ ಪ್ರಾಜೆಕ್ಟುಗಳು ಸೋಲುವುದು ಸಾಮಾನ್ಯವಾಗಿ ಇಲ್ಲಿ: ಒಂದೇ ಹಕ್ಕಿಯ ಇನ್ನೂರು ಸ್ವರಗಳನ್ನು ಇನ್ನೂರು ಮಾದರಿ ಎಂದು ಬರೆಯುತ್ತಾರೆ. ಅದು ಒಂದು ಹಕ್ಕಿ, ಒಂದೇ ಮಾದರಿ. ಬೇರೆ ಬೇರೆ ಜಾಗದ ಎಂಟು ಹತ್ತು ಹಕ್ಕಿಗಳಾದರೂ ಬೇಕು. ಪ್ರತಿಯೊಂದರ ಜೊತೆ ಗಂಟೆ, ಉಷ್ಣಾಂಶ, ಜಾಗ ಬರೆಸಿ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಲಯ ಬದಲಾಗುತ್ತದೆಯೆ ಎಂಬುದನ್ನು ಆಮೇಲೆ ನೋಡಬಹುದು.

ಪ್ರಶ್ನೆ: ಕಾಲೇಜಿನ ಆವರಣಕ್ಕೂ ಪಕ್ಕದ ಕೆರೆಗೂ ಇರುವ ವ್ಯತ್ಯಾಸವನ್ನು ಇ-ಬರ್ಡ್ ಬಳಸಿ ತೋರಿಸುವುದು ಹೇಗೆ?
– ಶಿಕ್ಷಕ, ದಾವಣಗೆರೆ

ಉತ್ತರ: ಇ-ಬರ್ಡ್ ಎಂದರೆ ಕಂಡ ಹಕ್ಕಿಗಳ ಪಟ್ಟಿಯನ್ನು ದಾಖಲಿಸುವ ಜಾಲತಾಣ. ಎರಡೂ ಕಡೆ 15 ನಿಮಿಷದ ಪಟ್ಟಿಗಳನ್ನು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಮಾಡಿಸಿ. ಗುರುತಿಸಿದ ಹಕ್ಕಿಗಳನ್ನೆಲ್ಲ, ಕಾಗೆ ಪಾರಿವಾಳ ಸಹಿತ, ಬರೆದಿರಬೇಕು; ಆಗ ಮಾತ್ರ 'ಪೂರ್ಣ ಪಟ್ಟಿ' ಎಂದು ಗುರುತು ಹಾಕಿ. ಒಟ್ಟು ಎಷ್ಟು ಜಾತಿ ಎಂದು ಹೋಲಿಸಬೇಡಿ, ಹೆಚ್ಚು ಪಟ್ಟಿ ಇರುವ ಕಡೆ ಹೆಚ್ಚು ಜಾತಿ ಬಂದೇ ಬರುತ್ತದೆ. 20 ಪಟ್ಟಿಗಳಲ್ಲಿ 15ರಲ್ಲಿ ಗೊರವಂಕ ಇದ್ದರೆ ಶೇ. 75, ಹೀಗೆ ಲೆಕ್ಕ ಹಾಕಿ ಹೋಲಿಸಿ. ಒಟ್ಟಿಗೆ ನಡೆದ ಮಕ್ಕಳೆಲ್ಲ ತಮ್ಮ ತಮ್ಮ ಪಟ್ಟಿ ಹಾಕಿದರೆ ಅವೇ ಹಕ್ಕಿಗಳು ಮತ್ತೆ ಮತ್ತೆ ಲೆಕ್ಕಕ್ಕೆ ಬರುತ್ತವೆ. ಒಬ್ಬರು ಹಾಕಿ ಉಳಿದವರಿಗೆ ಶೇರ್ ಮಾಡಲಿ. ಫೆಬ್ರವರಿಯಲ್ಲಿ ಕಾಲೇಜು ಆವರಣಗಳಲ್ಲಿ ನಡೆಯುವ ಹಕ್ಕಿ ಎಣಿಕೆ, ಕ್ಯಾಂಪಸ್ ಬರ್ಡ್ ಕೌಂಟ್, ಇದಕ್ಕೆ ಒಳ್ಳೆಯ ಆರಂಭ.

ಪ್ರಶ್ನೆ: ಮರ್ಲಿನ್ ಆ್ಯಪ್ ಕೂಗು ಕೇಳಿ ಹೇಳಿದ ಹೆಸರನ್ನು ನೇರವಾಗಿ ಪಟ್ಟಿಗೆ ಸೇರಿಸಬಹುದೆ?
– ವಿದ್ಯಾರ್ಥಿ, ಮೈಸೂರು

ಉತ್ತರ: ಬೇಡ. ಅದು ಕೊಡುವುದು ಸುಳಿವು ಮಾತ್ರ. ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ, ಆ್ಯಪ್ ಆಗ ಅಲ್ಲಿಲ್ಲದ ಹಕ್ಕಿಯ ಹೆಸರು ತೋರಿಸಬಹುದು. ಕಣ್ಣಿಗೆ ಕಂಡ ಮೇಲೆ, ಇಲ್ಲವೇ ಆ ಕೂಗು ನಿಮಗೇ ಚೆನ್ನಾಗಿ ಗೊತ್ತಿದ್ದರೆ, ಬರೆದುಕೊಳ್ಳಿ.