ಮಾತ್ರೆ ಆರಂಭಿಸಿದ ಮೇಲೆ ಆತಂಕ ಹೆಚ್ಚಾದರೆ ವೈದ್ಯರನ್ನು ಏನೆಂದು ಕೇಳಬೇಕು?

ಆತಂಕ, ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ ಆರಂಭಿಸಿದ ಐದನೆಯ ದಿನಕ್ಕೇ ಚಡಪಡಿಕೆ, ಎದೆಬಡಿತ ಹೆಚ್ಚಾಗಿದೆ ಎಂದಿದ್ದೀರಿ. ಇದು ಬಹುಮಟ್ಟಿಗೆ ಆ ಔಷಧಿಯ ಆರಂಭದ ಪರಿಣಾಮವಿರಬೇಕು. ಮೊದಲ ಒಂದೆರಡು ವಾರ ಹೀಗಾಗುವುದುಂಟು, ಗುಣ ಕಾಣಲು ಸಾಮಾನ್ಯವಾಗಿ 2ರಿಂದ 6 ವಾರ ಹಿಡಿಯುತ್ತದೆ. ಥೈರಾಯ್ಡ್ ಏರುಪೇರಿನಲ್ಲೂ ಇವೇ ಲಕ್ಷಣಗಳಿರುವುದರಿಂದ ನಿಮ್ಮ ವಿಷಯದಲ್ಲಿ ಖಚಿತವಾಗಿ ಹೇಳಲಾರೆ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಒಂದು ಚೀಟಿಯಲ್ಲಿ 'ಬೆಳಿಗ್ಗೆ 8, ಬಸ್ಸಿನಲ್ಲಿ, ಕಾಫಿ ಕುಡಿದ ಮೇಲೆ, ಕೈನಡುಕ' ಎಂಬಂತೆ ಬರೆದಿಟ್ಟುಕೊಳ್ಳಿ, ಏಕೆಂದರೆ ನೂಕುನುಗ್ಗಲಿನ ಒಪಿಡಿಯಲ್ಲಿ ನಮ್ಮ ಸರದಿ ಬಂದಾಗ 'ಏನೋ ಒಂಥರಾ ಆಗುತ್ತದೆ' ಎನ್ನುವಷ್ಟಕ್ಕೇ ಮಾತು ಮುಗಿದುಹೋಗುತ್ತದೆ (ತಂಗಿಯ ಜೊತೆ ಹೋದಾಗ ಕಂಡದ್ದು). ಆಮೇಲೆ, ಮುಂದಿನ ಭೇಟಿಯವರೆಗೆ ಕಾಯದೆ, ಬರೆದುಕೊಟ್ಟ ವೈದ್ಯರಿಗೇ ಫೋನ್ ಮಾಡಿ, ಪ್ರಮಾಣ ತಗ್ಗಿಸಿ ನಿಧಾನವಾಗಿ ಏರಿಸಬಹುದೇ, ಥೈರಾಯ್ಡ್ ಪರೀಕ್ಷೆ ಬೇಕೇ, ಸಿಬಿಟಿ (ಯೋಚನೆ, ನಡವಳಿಕೆಯ ರೀತಿ ಬದಲಿಸಲು ನೆರವಾಗುವ ಮಾತುಚಿಕಿತ್ಸೆ) ಸಾಧ್ಯವೇ ಎಂದು ಕೇಳಿ. ಆತಂಕವನ್ನು ಬೇಗ ತಗ್ಗಿಸುವ ಕ್ಲೋನಾಜೆಪಾಮ್ ಸೂಚಿಸಿದರೆ ಎಷ್ಟು ದಿನಕ್ಕೆ, ಹೇಗೆ ಇಳಿಸುವುದು ಎಂಬುದನ್ನು ಆಗಲೇ ತಿಳಿದುಕೊಳ್ಳಿ. ಅದು ಅಭ್ಯಾಸವಾಗಿಬಿಡುವ ಔಷಧಿ. ಎದೆಬಡಿತ, ನಡುಕ ತಗ್ಗಿಸುವ ಪ್ರೊಪ್ರನೊಲಾಲ್ ಮಾತು ಬಂದರೆ, ಆಸ್ತಮಾ ಇದ್ದಲ್ಲಿ ತಪ್ಪದೆ ಹೇಳಿ. ಈಗ ನುಂಗುತ್ತಿರುವ ಬೇರೆ ಮಾತ್ರೆಗಳನ್ನೂ, ಆಯುರ್ವೇದದ್ದಾದರೂ, ಮುಚ್ಚಿಡಬೇಡಿ.

ವೈದ್ಯರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಹೊಸ ಅಭಿಪ್ರಾಯ ಬೇಕೆನಿಸಿದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯ ಹೊರರೋಗಿ ವಿಭಾಗವಿದೆ. ಜೀವ ತೆಗೆದುಕೊಳ್ಳುವ ಯೋಚನೆ ಸುಳಿದರೆ ಮಾತ್ರ ಇವಾವುದಕ್ಕೂ ಕಾಯದೆ, ಮನೆಯವರೊಬ್ಬರನ್ನು ಕರೆದುಕೊಂಡು ತಕ್ಷಣ ತುರ್ತುಚಿಕಿತ್ಸಾ ವಿಭಾಗಕ್ಕೆ ಹೋಗಿ.