ಚಾರಣ ತಂಡದಲ್ಲಿ ಹವಾಮಾನದ ಮಾತೆತ್ತಿದರೆ ಎಲ್ಲರೂ ಸುಮ್ಮನಾಗುತ್ತಾರೆ, ಏನು ಮಾಡಲಿ?

ಬೆಂಗಳೂರಿನ 24 ಜನರ ತಂಡ, ತಿಂಗಳಿಗೊಂದು ಬೆಟ್ಟ, ಹವಾಮಾನ ಬದಲಾವಣೆ ಎಂದ ಕೂಡಲೇ 'ನಮ್ಮಿಂದ ಏನಾಗುತ್ತೆ ಬಿಡಿ' ಎನ್ನುವ ಉತ್ತರ ಬರುತ್ತದೆ ಎಂದು ಬರೆದಿದ್ದೀರಿ. ನನ್ನ ಪ್ರಕಾರ ನಿಮ್ಮವರಿಗೆ ಅಪಾಯ ಗೊತ್ತಿಲ್ಲ ಅಂತಲ್ಲ, ಎಲ್ಲಿ ಕೈ ಹಾಕಬೇಕೆಂದು ಗೊತ್ತಿಲ್ಲ. ಹಾಗಾಗಿ ಕರಗುವ ಹಿಮದ ಚಿತ್ರಗಳನ್ನು ಗ್ರೂಪಿಗೆ ಕಳಿಸುವುದನ್ನು ಬಿಡಿ. ಹೆದರಿದವರು ಇನ್ನಷ್ಟು ದೂರ ಸರಿಯುತ್ತಾರೆ.

ಮುಂದಿನ ಸಲ ಕುದುರೆಮುಖಕ್ಕೆ ಹೋಗಿ. ಅಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಪರಿಸರದ ಪರ ನಿಂತವರು ಕೋರ್ಟಿಗೆ ಹೋದರು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಇದನ್ನು ಹತ್ತುವಾಗ ಹೇಳಬೇಡಿ, ಏದುಸಿರಿನಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಇಳಿಯುವಾಗ ಹಳ್ಳದ ಪಕ್ಕ ಬುತ್ತಿ ಬಿಚ್ಚಿ ಕೂತಾಗ ಹೇಳಿ. ಎದುರಿಗೇ ಕಾಣುವ ಗುಡ್ಡ ಜನರ ಪಟ್ಟಿನಿಂದ ಉಳಿಯಿತು ಎಂಬುದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಚಾರಣದಲ್ಲಿ ಹೆಚ್ಚು ಇಂಗಾಲ ಹೊರಬೀಳುವುದು ಬೆಟ್ಟದ ಮೇಲಲ್ಲ, ಬೆಟ್ಟ ತಲುಪುವ ದಾರಿಯಲ್ಲಿ. ಕುದುರೆಮುಖಕ್ಕೆ ಹೋಗಿ ಬರಲು ಸುಮಾರು 660 ಕಿ.ಮೀ. ಬ್ಯಾಗುಗಳ ಸಮೇತ ಕಾರಿಗೆ ಮೂವರಂತೆ 8 ಕಾರು ಎಂದಿಟ್ಟುಕೊಳ್ಳಿ. ಲೀಟರಿಗೆ 15 ಕಿ.ಮೀ. ಸಿಕ್ಕರೂ ಒಟ್ಟು 352 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ತಲೆಗೆ 34 ಕೆ.ಜಿ. ಅದೇ ಒಂದು ಮಿನಿ ಬಸ್ ಲೀಟರಿಗೆ 8 ಕಿ.ಮೀ. ಓಡಿದರೆ 83 ಲೀಟರ್ ಡೀಸೆಲ್ ಸಾಕು, ಲೀಟರಿಗೆ 2.7 ಕೆ.ಜಿ. ಹಿಡಿದರೂ ತಲೆಗೆ 9 ಕೆ.ಜಿ. ಮಾತ್ರ. ಈ ಲೆಕ್ಕವನ್ನು ಹೊರಡುವ ಮುಂಚೆಯೇ ಗ್ರೂಪಿಗೆ ಹಾಕಿ.

ಬಸ್ಸಿನ ಯೋಜನೆ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಒಂದು, ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ಎಲ್ಲರನ್ನೂ ಮನೆ ಹತ್ತಿರವೇ ಹತ್ತಿಸಿಕೊಳ್ಳಲು ಹೋಗುವುದು. ಊರು ದಾಟುವಷ್ಟರಲ್ಲಿ ಅರ್ಧರಾತ್ರಿ, ಮುಂದಿನ ಸಲ ಎಲ್ಲರೂ ಮತ್ತೆ ಕಾರಿಗೆ. ಯಶವಂತಪುರ, ನಾಗಸಂದ್ರದಂಥ ದಾರಿಯಲ್ಲೇ ಸಿಗುವ ಎರಡು ಮೆಟ್ರೋ ನಿಲ್ದಾಣ ಸಾಕು. ರಾತ್ರಿ 10ಕ್ಕೆ ಹೊರಟರೆ ಎಲ್ಲರೂ ಮೆಟ್ರೋದಲ್ಲೇ ಬಂದು ಸೇರಬಹುದು. ಎರಡನೆಯದು, ಶುಕ್ರವಾರ ಸಂಜೆ ನಾಲ್ವರು 'ಬರೋಕಾಗಲ್ಲ' ಎನ್ನುವುದು. ತಲಾ ಖರ್ಚು ಏರಿ ಉಳಿದವರಿಗೂ ಬೇಸರ. ದುಡ್ಡನ್ನು ಪೂರ್ತಿ ಮೊದಲೇ ಕಟ್ಟಿಸಿಕೊಳ್ಳಿ, ನಾಲ್ಕು ಜನರನ್ನು ಕಾಯುವ ಪಟ್ಟಿಯಲ್ಲಿಡಿ.

ಒಂದು ದಿನದ ಚಾರಣಕ್ಕೆ ಮಾಕಳಿದುರ್ಗ, ರಾಮನಗರ ಎರಡಕ್ಕೂ ರೈಲಿದೆ. ವಾಪಸ್ ರೈಲಿನ ಸಮಯವನ್ನು ಮೊದಲು ನೋಡಿ, ಹತ್ತುವ ಸಮಯವನ್ನು ಆಮೇಲೆ ನಿಗದಿ ಮಾಡಿ. ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗುವವರಿದ್ದರೆ ದೆಹಲಿವರೆಗೆ ರೈಲು ಹಿಡಿಯಲಿ. ವಿಮಾನದಲ್ಲಿ ಒಮ್ಮೆ ಹೋಗಿ ಬಂದರೆ ಇಂಥ ಹತ್ತಾರು ಬಸ್ ಪ್ರಯಾಣಗಳಿಗೆ ಸಮ.

ಬೀಜದುಂಡೆ ಎಸೆಯುವ ಕಾರ್ಯಕ್ರಮ ಮಾತ್ರ ದಯವಿಟ್ಟು ಬೇಡ. ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲು, ಅಂದರೆ ಎತ್ತರದ ಬೆಟ್ಟಗಳಲ್ಲಿ ಶೋಲಾ ಎಂಬ ಗಿಡ್ಡ ಕಾಡುಗಳ ನಡುವೆ ಹರಡಿರುವ ಹುಲ್ಲುಗಾವಲು, ಖಾಲಿ ಜಾಗವಲ್ಲ. ಅದು ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಡುತ್ತದೆ, ಮಳೆನೀರನ್ನು ಹಿಡಿದು ನಿಧಾನವಾಗಿ ತೊರೆಗೆ ಬಿಡುತ್ತದೆ. ಅಲ್ಲಿ ಹೊರಗಿನ ಮರ ಬೇರೂರಿದರೆ ಹುಲ್ಲಿಗೇ ಕುತ್ತು. ಕಸ ಹೆಕ್ಕುವುದು ಒಳ್ಳೆಯದು, ಖಂಡಿತ ಮಾಡಿ, ಆದರೆ ಅದರಿಂದ ಹವಾಮಾನದ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ.

ಅದರ ಬದಲು ಪ್ರತಿಯೊಬ್ಬರೂ ಮನೆ ಹತ್ತಿರದ ಒಂದು ಮರ ಆರಿಸಿಕೊಳ್ಳಲಿ: ಹೊಂಗೆ, ಮಾವು, ಕಕ್ಕೆ, ಯಾವುದಾದರೂ ಸರಿ. ವಾರಕ್ಕೊಮ್ಮೆ ಅದೇ ಮರದ ಚಿಗುರು, ಹೂವು, ಕಾಯಿ ನೋಡಿ, ಮರಗಳ ಋತುಬದಲಾವಣೆಯನ್ನು ಜನಸಾಮಾನ್ಯರೇ ದಾಖಲಿಸುವ ಯೋಜನೆಯಾದ ಸೀಸನ್‌ವಾಚ್‌ನಲ್ಲಿ ದಾಖಲಿಸಿದರೆ ಎರಡು ನಿಮಿಷದ ಕೆಲಸ. ಬೆಟ್ಟದಲ್ಲಿ ಒಮ್ಮೆ ಕಂಡ ಹೂವಿನಿಂದ ಋತು ಸರಿದಿದೆಯೇ ಎಂದು ಹೇಳಲಾಗದು. ಒಂದೇ ಮರದ ಸಾಲುಸಾಲು ವರ್ಷಗಳ ದಾಖಲೆಯಿಂದ ಹೇಳಬಹುದು. ಜನ ಬಿಟ್ಟುಬಿಡುವುದು ಸಾಮಾನ್ಯವಾಗಿ ಮರ ದೂರವಿದ್ದಾಗ. ಆದ್ದರಿಂದ ದಿನಾ ಹಾಲಿಗೆ ಹೋಗುವ ದಾರಿಯ ಮರವೇ ಇರಲಿ.

ಪ್ರತಿ ಚಾರಣ ಮುಗಿದ ಮೇಲೆ ಉಳಿಸಿದ ಲೀಟರ್ ಎಷ್ಟು ಎಂದು ಒಂದೇ ಸಾಲಿನಲ್ಲಿ ಗ್ರೂಪಿಗೆ ಹಾಕಿ, ತಂಡದ ಒಟ್ಟು ಲೆಕ್ಕವಾಗಿ ಮಾತ್ರ. ಕಾರಿನಲ್ಲಿ ಬಂದವರ ಹೆಸರು ಎತ್ತಬೇಡಿ. ಮುಂದಿನ ಬಸ್ಸಿಗೆ ಅವರಿಗೇ ಮೊದಲು ಕರೆ ಮಾಡಿ.